ಜಾಣ್ಮೆಯ ಜೂಜು ಜೂಜಲ್ಲವೆ?

ಸಪ್ತವ್ಯಸನಗಳನ್ನು ಎಣಿಸುವಾಗ ಪರಂಪರೆಯು ಮೊದಲು ಹೆಸರಿಸುವುದು ದ್ಯೂತವನ್ನು. ಮಾಂಸ, ಮದ್ಯ, ಬೇಟೆ, ಕಳವು ಮೊದಲಾದವೆಲ್ಲ ಅದರ ಹಿಂದೆ ಬರುತ್ತವೆ. ಜೂಜಿಗೆ ಬಾಗಿಲು ತೆರೆದ ಮನೆಗೆ ಮಿಕ್ಕ ಆರು ವ್ಯಸನಗಳು ಕರೆಯದೆಯೇ ಬರುತ್ತವೆಂಬುದನ್ನು ಹಿರಿಯರು ಬಲ್ಲವರಾಗಿದ್ದರು. ಆದುದರಿಂದಲೇ ಜೈನ ಕುಟುಂಬಗಳಲ್ಲಿ ಇಸ್ಪೀಟಿನ ಜೂಜನ್ನಾಗಲಿ ಮಟ್ಕಾವನ್ನಾಗಲಿ ಬಹಿರಂಗವಾಗಿ ಸಮರ್ಥಿಸುವವರು ಇಂದಿಗೂ ವಿರಳ. ಆದರೆ ಮುಂಬಾಗಿಲಿನಿಂದ ಬರಲಾಗದ ವ್ಯಸನವು ವೇಷ ಬದಲಿಸಿಕೊಂಡು ಬರುತ್ತದೆ. ಈ ಕಾಲದಲ್ಲಿ ಅದು ತೊಟ್ಟಿರುವ ವೇಷ ವಿದ್ಯೆಯದು. “ಅದೃಷ್ಟವನ್ನು ನಂಬಿ ಹಣ ಕಟ್ಟುವವನು ಜೂಜುಗಾರ, ಅಂಕಿಅಂಶಗಳನ್ನು ಪರಿಶೀಲಿಸಿ ಹಣ ಕಟ್ಟುವವನು ವಿಶ್ಲೇಷಕ” ಎಂಬ ವಾದವು ಓದು ಬಲ್ಲ ತರುಣರನ್ನು ಸುಲಭವಾಗಿ ಮರುಳುಗೊಳಿಸುತ್ತದೆ. ಈ ವಾದಕ್ಕೆ ಅತ್ಯಂತ ಪ್ರಬಲವಾದ ಉದಾಹರಣೆ ಕುದುರೆ ಪಂದ್ಯದ ಗತಿಗಣಿತ. ಆದುದರಿಂದ ಅದನ್ನೇ ಆಯ್ದುಕೊಂಡು ಪರೀಕ್ಷಿಸುವುದು ಯೋಗ್ಯ.

ಎದುರಾಳಿಯ ವಾದವನ್ನು ಅದರ ಪೂರ್ಣ ಬಲದೊಡನೆ ಮಂಡಿಸದೆ ಖಂಡಿಸುವುದು ಅನೇಕಾಂತವನ್ನು ಒಪ್ಪಿದವರಿಗೆ ಶೋಭಿಸದು. ಅಮೆರಿಕದ ಪಂದ್ಯಗಳ ಸುತ್ತ ಬೆಳೆದಿರುವ ಈ ವಿದ್ಯೆಗೆ ಅಲ್ಲಿ ‘ಪೇಸ್ ಹ್ಯಾಂಡಿಕ್ಯಾಪಿಂಗ್’ ಎಂದು ಹೆಸರು. ಕುದುರೆಯು ಓಟವನ್ನು ಎಷ್ಟು ಹೊತ್ತಿನಲ್ಲಿ ಮುಗಿಸಿತೆಂಬುದನ್ನಷ್ಟೇ ನೋಡದೆ, ಓಟದ ಒಂದೊಂದು ಭಾಗದಲ್ಲಿ ಅದರ ಗತಿ ಎಷ್ಟಿತ್ತೆಂದು ಅಳೆದು, ಮುಂದಿನ ಓಟದಲ್ಲಿ ಗೆಲ್ಲುವ ಕುದುರೆಯನ್ನು ಊಹಿಸುವುದು ಇದರ ತಿರುಳು. 1975ರಲ್ಲಿ ಪ್ರಕಟವಾದ ಆಂಡ್ರ್ಯೂ ಬೇಯರ್ ಅವರ ಪುಸ್ತಕವು ಓಟದ ಒಟ್ಟು ಕಾಲವನ್ನು ಅಂದಿನ ಹಾದಿಯ ಸ್ಥಿತಿಗೆ ಹೊಂದಿಸಿ ಒಂದು ಅಂಕಿಯಾಗಿ ಮಾಡುವ ಕ್ರಮವನ್ನು ಜನಪ್ರಿಯಗೊಳಿಸಿತು. ಗಣಿತದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಕ್ವಿರಿನ್ ಅವರು ಗಣಕಯಂತ್ರದ ನೆರವಿನಿಂದ ಬಹುಸಂಖ್ಯೆಯ ಓಟಗಳನ್ನು ಪರಿಶೀಲಿಸಿ, ಆರಂಭದಲ್ಲಿಯೇ ಮುಂದೆ ಸಾಗುವ ಕುದುರೆಗಳಿಗಿರುವ ಅನುಕೂಲವನ್ನು 1979ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಟಾಮ್ ಬ್ರೋಹಾಮರ್ ಅವರ 1991ರ ಪುಸ್ತಕದಲ್ಲಿ ಗತಿಯ ಲೆಕ್ಕವು ಒಂದು ವ್ಯವಸ್ಥಿತ ಶಾಸ್ತ್ರದ ರೂಪವನ್ನೇ ಪಡೆಯಿತು.

ಲೆಕ್ಕದ ಕ್ರಮ ಕಠಿಣವೇನಲ್ಲ. ಆರು ಫರ್ಲಾಂಗಿನ ಓಟವೊಂದನ್ನು ತೆಗೆದುಕೊಳ್ಳಬಹುದು. ಎರಡು ಫರ್ಲಾಂಗಿಗೆ 1320 ಅಡಿ. ಕುದುರೆಯೊಂದು ಮೊದಲ ಎರಡು ಫರ್ಲಾಂಗನ್ನು 22 ಸೆಕೆಂಡಿನಲ್ಲಿಯೂ, ನಡುವಿನ ಎರಡನ್ನು 23 ಸೆಕೆಂಡಿನಲ್ಲಿಯೂ, ಕೊನೆಯ ಎರಡನ್ನು 25 ಸೆಕೆಂಡಿನಲ್ಲಿಯೂ ಓಡಿತೆಂದರೆ, ಅದರ ಗತಿ ಸೆಕೆಂಡಿಗೆ ಕ್ರಮವಾಗಿ 60 ಅಡಿ, 57.4 ಅಡಿ, 52.8 ಅಡಿ. ಸ್ಪರ್ಧೆಯಲ್ಲಿರುವ ಎಲ್ಲ ಕುದುರೆಗಳಿಗೂ ಇಂಥ ಅಂಕಿಗಳನ್ನು ಕಟ್ಟಿ, ಯಾವುದು ಮುನ್ನುಗ್ಗುವ ಸ್ವಭಾವದ್ದು, ಯಾವುದು ಹಿಂದುಳಿದು ಕೊನೆಯಲ್ಲಿ ಬರುವಂಥದ್ದು ಎಂದು ವಿಂಗಡಿಸುತ್ತಾರೆ. ಮುನ್ನುಗ್ಗುವ ಕುದುರೆ ಒಂದೇ ಇದ್ದರೆ ಅದಕ್ಕೆ ಅನುಕೂಲ. ಎರಡು ಮೂರು ಇದ್ದರೆ ಅವು ಒಂದನ್ನೊಂದು ದಣಿಸಿ, ಹಿಂದಿನಿಂದ ಬರುವ ಕುದುರೆಗೆ ಗೆಲುವನ್ನು ಬಿಟ್ಟುಕೊಡುತ್ತವೆ.

ಈ ಗತಿಗಣಿತಕ್ಕೆ ಗಣಕಯಂತ್ರದ ದತ್ತಾಂಶ ಭಂಡಾರ, ಅಂದರೆ ಡೇಟಾಬೇಸ್, ಜೊತೆಗೂಡಿದೆ. ಅಮೆರಿಕದಲ್ಲಿ 1990ರಲ್ಲಿ ಸ್ಥಾಪಿತವಾದ ಈಕ್ವಿಬೇಸ್ ಎಂಬ ಸಂಸ್ಥೆಯು ಪ್ರತಿ ಓಟದ ವಿವರವನ್ನು ಸಂಗ್ರಹಿಸಿ ಒದಗಿಸುತ್ತದೆ. ಹಲವು ವರ್ಷಗಳ ಇಂಥ ವಿವರಗಳನ್ನು ಭಂಡಾರದಲ್ಲಿ ತುಂಬಿ, ಪಂದ್ಯಾಸಕ್ತನು ಅದಕ್ಕೆ ಪ್ರಶ್ನೆ ಹಾಕುತ್ತಾನೆ: “ಆರು ಫರ್ಲಾಂಗಿನ ಓಟಗಳಲ್ಲಿ, ಆರಂಭದ ಗತಿ ಮಿಕ್ಕೆಲ್ಲವುಗಳಿಗಿಂತ ಇಷ್ಟು ಹೆಚ್ಚಿದ್ದು, ಜೊತೆಗೆ ಮುನ್ನುಗ್ಗುವ ಮತ್ತೊಂದು ಕುದುರೆ ಇಲ್ಲದಿದ್ದಾಗ, ಎಷ್ಟು ಸಲ ಗೆಲುವಾಯಿತು? ಕಟ್ಟಿದ ಪ್ರತಿ ಎರಡು ಡಾಲರಿಗೆ ಎಷ್ಟು ಹಿಂದೆ ಬಂತು?” ಉತ್ತರ ಕ್ಷಣಾರ್ಧದಲ್ಲಿ ಬರುತ್ತದೆ. ಅದು ತೃಪ್ತಿಕರವಾಗದಿದ್ದರೆ ಮತ್ತೊಂದು ನಿಬಂಧನೆಯನ್ನು ಸೇರಿಸಿ ಮತ್ತೆ ಕೇಳುತ್ತಾನೆ.

ಇದು ಬುದ್ಧಿಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಲೆಕ್ಕವನ್ನು ಹಳಿಯುವ ಪ್ರಸಂಗವೂ ಇಲ್ಲಿಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರೂ, ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ವ್ಯವಹಾರಗಣಿತವನ್ನು ಬರೆದ ರಾಜಾದಿತ್ಯನೂ ಜೈನರೇ. ಗಣಿತವು ಈ ಸಮಾಜದ ಪಿತ್ರಾರ್ಜಿತ ಸೊತ್ತು. ವಿಚಾರಿಸಬೇಕಾದುದು ಬೇರೆಯೇ ಇದೆ. ಒಂದು ಕರ್ಮವು ಜಾಣ್ಮೆಯಿಂದ ಮಾಡಲ್ಪಟ್ಟಿತೆಂಬ ಕಾರಣಕ್ಕೆ ನಿರ್ದೋಷವಾಗುತ್ತದೆಯೆ? ಜಾಣ್ಮೆಯಿಂದ ಮಾಡಿದ ಕಳವು ಕಳವಲ್ಲವೆ?

ಮೊದಲನೆಯದಾಗಿ ಹಣದ ಲೆಕ್ಕವನ್ನು ನೋಡಬೇಕು. ವ್ಯಾಪಾರವನ್ನೇ ಕುಲವೃತ್ತಿಯಾಗಿ ಮಾಡಿಕೊಂಡು ಬಂದ ಮನೆತನಗಳಿಗೆ ಖಾತೆ ಓದುವುದನ್ನು ಹೇಳಿಕೊಡಬೇಕಾಗಿಲ್ಲ. ಜಮೆಯ ಕಡೆ ಬರೆದ ಮೊತ್ತವು ಯಾರ ಖರ್ಚಿನಿಂದ ಬಂತೆಂದು ಅವರು ಕೇಳಿಯೇ ಕೇಳುತ್ತಾರೆ. ಪ್ಯಾರಿಸಿನಲ್ಲಿ 1860ರ ದಶಕದಲ್ಲಿ ಜೋಸೆಫ್ ಓಲೆ ರೂಪಿಸಿದ ಪದ್ಧತಿಯೇ ಇಂದು ಲೋಕದ ಬಹುಭಾಗದಲ್ಲಿ ಕುದುರೆ ಪಂದ್ಯದ ಆಧಾರ; ಇಲ್ಲಿನ ರೇಸ್‌ಕೋರ್ಸುಗಳ ‘ಟೋಟ್’ ಕೂಡ ಅದೇ. ಪಣ ಕಟ್ಟಿದವರೆಲ್ಲರ ಹಣ ಒಂದು ರಾಶಿಯಾಗುತ್ತದೆ. ಸಂಸ್ಥೆಯೂ ಸರ್ಕಾರವೂ ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. ಉಳಿದುದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಅಮೆರಿಕದಲ್ಲಿ ಗೆಲ್ಲುವ ಕುದುರೆಯ ಮೇಲಿನ ಸರಳ ಪಣದಲ್ಲಿ ಈ ಕಡಿತ ನೂರಕ್ಕೆ ಸುಮಾರು 15ರಿಂದ 20. ಹಲವು ಕುದುರೆಗಳನ್ನು ಒಟ್ಟಿಗೆ ಊಹಿಸುವ ಪಣಗಳಲ್ಲಿ ಅದಕ್ಕಿಂತ ಹೆಚ್ಚೂ ಉಂಟು. ಕಡಿತ 17 ಎಂದು ಹಿಡಿದರೆ, ನೂರು ರೂಪಾಯಿಯ ರಾಶಿಯಿಂದ ಆಟಗಾರರಿಗೆ ಹಿಂದಿರುಗುವುದು 83. ಅದನ್ನೇ ಮತ್ತೆ ಮತ್ತೆ ಕಟ್ಟುತ್ತ ಹೋದರೆ ಐದನೆಯ ಓಟ ಮುಗಿಯುವಾಗ ಉಳಿಯುವುದು 39ರಷ್ಟು ಮಾತ್ರ.

ಈ ರಾಶಿಯಲ್ಲಿ ಒಂದು ಕಾಳು ಧಾನ್ಯ ಬೆಳೆಯುವುದಿಲ್ಲ, ಒಂದು ಗಜ ಬಟ್ಟೆ ನೇಯಲ್ಪಡುವುದಿಲ್ಲ. ಭತ್ತದ ವ್ಯಾಪಾರಿಯೂ ನಷ್ಟದ ಭಯವನ್ನು ಹೊತ್ತೇ ಭತ್ತ ಕೊಳ್ಳುತ್ತಾನೆ ನಿಜ; ಆದರೆ ಬೆಳೆದವನ ಕಣಜದಿಂದ ಉಣ್ಣುವವನ ಮನೆಗೆ ಅದನ್ನು ಮುಟ್ಟಿಸುತ್ತಾನೆ, ಆ ಸೇವೆಗೆ ಲಾಭ ಪಡೆಯುತ್ತಾನೆ. ಅವನ ಲಾಭದಲ್ಲಿ ಕೊಟ್ಟವನಿಗೂ ಕೊಂಡವನಿಗೂ ಪ್ರಯೋಜನವಿದೆ. ಪಂದ್ಯದ ರಾಶಿಯಲ್ಲಿ ಒಬ್ಬನ ಲಾಭವೆಂದರೆ ಮತ್ತೊಬ್ಬನ ನಷ್ಟವೇ. ಬೇರೆ ಯಾವ ಮೂಲವೂ ಅದಕ್ಕಿಲ್ಲ. ‘ವ್ಯಾಪಾರದಲ್ಲಿಯೂ ಅಪಾಯವಿಲ್ಲವೆ?’ ಎಂದು ಕೇಳುವವರು ಈ ಭೇದವನ್ನು ಮರೆಮಾಚುತ್ತಾರೆ.

ಇಲ್ಲಿಯೇ ಜಾಣ್ಮೆಯ ವಾದವು ತಲೆಕೆಳಗಾಗುತ್ತದೆ. ಗಣಕಯಂತ್ರದ ನೆರವಿನಿಂದ ಹಾಂಗ್‌ಕಾಂಗಿನ ಪಂದ್ಯಗಳಲ್ಲಿ ಅಪಾರ ಹಣ ಗಳಿಸಿದ ವಿಲಿಯಂ ಬೆಂಟರ್ ಅವರು 1994ರಲ್ಲಿ ಪ್ರಕಟಿಸಿದ ಲೇಖನವು ಈ ಕ್ಷೇತ್ರದ ಪ್ರಮಾಣಗ್ರಂಥವೆನಿಸಿದೆ. ತಮ್ಮ ಲೆಕ್ಕವನ್ನು ಸಾರ್ವಜನಿಕರು ಕಟ್ಟಿದ ಪಣದ ದರದೊಡನೆ ಬೆಸೆದು, ಎರಡರ ನಡುವಿನ ಅಂತರವನ್ನು ಹುಡುಕುವುದೇ ಅವರ ಕ್ರಮ. ಇದರ ಅರ್ಥ ಸ್ಪಷ್ಟವಾಗಿದೆ. ಜಾಣನಿಗೆ ಲಾಭವಾಗಬೇಕಾದರೆ ಕುದುರೆ ಗೆದ್ದರಷ್ಟೇ ಸಾಲದು. ಬಹುಜನರು ತಪ್ಪಾಗಿ ಊಹಿಸಿರಬೇಕು. ಹಾಗೆ ತಪ್ಪುವವರು ಯಾರು? ತಿಂಗಳ ಸಂಬಳವನ್ನು ಒಂದೇ ಮಧ್ಯಾಹ್ನ ಕಳೆದುಕೊಳ್ಳುವ ಗುಮಾಸ್ತ, ಸಾಲ ತೀರಿಸಲು ಸಾಲ ಮಾಡಿ ಬಂದ ಆಟೋ ಚಾಲಕ, ಕುಡಿದ ಅಮಲಿನಲ್ಲಿ ಹೆಸರು ನೋಡಿ ಕುದುರೆ ಆರಿಸುವವ. ಇಬ್ಬರು ದಡ್ಡರು ಕವಡೆಯಾಡಿದರೆ ಒಬ್ಬರಿಗೊಬ್ಬರು ಸಮಾನ ಅಪಾಯದಲ್ಲಿರುತ್ತಾರೆ. ಜಾಣನು ದಡ್ಡನೊಡನೆ ಆಡಿದಾಗ ಆ ಸಮಾನತೆಯೂ ಇಲ್ಲವಾಗುತ್ತದೆ. ಆದುದರಿಂದ ಜಾಣ್ಮೆಯು ಜೂಜಿನ ದೋಷವನ್ನು ತೊಳೆಯುವುದಿಲ್ಲ, ಹೆಚ್ಚಿಸುತ್ತದೆ.

ಮನೆಯ ಕೋಣೆಯಲ್ಲಿ ಕುಳಿತು ಪ್ರಶ್ನೆ ಹಾಕುವ ತರುಣನು ತನ್ನನ್ನು ಈ ಜಾಣರ ಸಾಲಿನಲ್ಲಿ ಎಣಿಸಿಕೊಳ್ಳುವುದೂ ಬಹುಮಟ್ಟಿಗೆ ಭ್ರಮೆಯೇ. ಲಾಭವಿಲ್ಲದ ನೂರು ನಿಯಮಗಳನ್ನು ಹಳೆಯ ಓಟಗಳ ಮೇಲೆ ಪರೀಕ್ಷಿಸಿದರೆ, ಇಪ್ಪತ್ತರಲ್ಲಿ ಒಂದು ಕೇವಲ ಆಕಸ್ಮಿಕವಾಗಿ ಲಾಭದಾಯಕವೆಂದು ತೋರುವ ಸಂಭವವಿದ್ದಾಗ, ಐದು ನಿಯಮಗಳು ಹೊಳೆಯುವ ಚಿನ್ನದಂತೆ ಕಾಣುತ್ತವೆ. ಆತನು ಆ ಐದನ್ನು ಇಟ್ಟುಕೊಂಡು ತೊಂಬತ್ತೈದನ್ನು ಮರೆಯುತ್ತಾನೆ. ಹಳೆಯ ಓಟಗಳ ಅಳತೆಗೆ ಹೊಲಿದ ಅಂಗಿ ನಾಳಿನ ಓಟಕ್ಕೆ ಹೊಂದುವುದಿಲ್ಲ. ಜೈನ ತರ್ಕದ ಭಾಷೆಯಲ್ಲಿ ಹೇಳುವುದಾದರೆ ಇದು ನಯವಲ್ಲ, ದುರ್ನಯ: ವಸ್ತುವಿನ ಒಂದು ಅಂಶವನ್ನು ಹಿಡಿದು, ಮಿಕ್ಕ ಅಂಶಗಳನ್ನು ನಿರಾಕರಿಸಿ, ಅದನ್ನೇ ಪೂರ್ಣ ಸತ್ಯವೆಂದು ಸಾಧಿಸುವುದು. ಎದುರಿಗೆ ಅಪಾರ ಬಂಡವಾಳದ ಗಣಕ ತಂಡಗಳಿವೆ. ದೊಡ್ಡ ಮೊತ್ತ ಕಟ್ಟುವವರಿಗೆ ಅಮೆರಿಕದಲ್ಲಿ ಕಟ್ಟಿದ ಹಣದ ಒಂದು ಭಾಗ ಹಿಂದಿರುಗುವ ಏರ್ಪಾಡೂ ಇದೆ. ಬೆಕ್ಕೆಂದು ಭಾವಿಸಿ ಒಳಹೊಕ್ಕವನು ಇಲಿಯಾಗಿರುವುದು ಅವನಿಗೆ ತಿಳಿಯುವಷ್ಟರಲ್ಲಿ ಮನೆಯ ಉಳಿತಾಯ ಕರಗಿರುತ್ತದೆ.

ಎರಡನೆಯದು ಕುದುರೆಯ ವಿಚಾರ. ಮೇಲೆ ಹೇಳಿದ ಅಂಕಿಗಳನ್ನು ಮತ್ತೊಮ್ಮೆ ನೋಡಬೇಕು: 60, 57.4, 52.8. ಈ ಇಳಿಕೆಯು ಒಂದು ಪಂಚೇಂದ್ರಿಯ ಜೀವದ ಉಸಿರು ಹಂತಹಂತವಾಗಿ ಸೋಲುವುದರ ದಾಖಲೆ. ಯಾವ ಕುದುರೆ ಯಾವ ತಿರುವಿನಲ್ಲಿ ಸೋಲುತ್ತದೆ, ಯಾವುದು ಯಾವುದನ್ನು ದಣಿಸುತ್ತದೆ ಎಂಬ ಊಹೆಯೇ ಗತಿಗಣಿತದ ಜೀವಾಳ. 2022ರ ಕೆಂಟಕಿ ಡರ್ಬಿಯಲ್ಲಿ ಮೊದಲ ಎರಡು ಫರ್ಲಾಂಗು 21.78 ಸೆಕೆಂಡಿನಲ್ಲಿಯೇ ಮುಗಿಯಿತು. ಆ ಓಟದ ಇತಿಹಾಸದಲ್ಲಿಯೇ ಅದು ಅತ್ಯಂತ ವೇಗದ ಆರಂಭ. ಹಾಗೆ ಮುಂದೆ ಓಡಿದ ಕುದುರೆ ಕೊನೆಯ ಸ್ಥಾನಕ್ಕೆ ಕುಸಿಯಿತು. ಬಹಳ ಹಿಂದಿದ್ದ, ಒಂದಕ್ಕೆ 80ರ ದರದ ರಿಚ್ ಸ್ಟ್ರೈಕ್ ಗೆದ್ದಿತು. ಗತಿಗಣಿತಜ್ಞರು ಅದನ್ನು ಸೊಗಸಾದ ನಿದರ್ಶನವೆನ್ನುತ್ತಾರೆ. ಶ್ರಾವಕನ ಕಣ್ಣಿಗೆ ಅಲ್ಲಿ ಕಾಣಬೇಕಾದುದು, ಒಂದು ಜೀವದ ಬಳಲಿಕೆಯೇ ಮತ್ತೊಬ್ಬನ ಆದಾಯವಾದ ಸಂಗತಿ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಬಂಧ, ವಧ, ಛೇದಗಳ ಜೊತೆಗೆ ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ಹೇಳುತ್ತದೆ. ಇಲ್ಲಿ ವಧವೆಂದರೆ ಕೊಲ್ಲುವುದಷ್ಟೇ ಅಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದೂ ಆಗಿದೆ. ಅಮೆರಿಕದಲ್ಲಿ 2022ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ನಿಯಮವು ಒಂದು ಓಟದಲ್ಲಿ ಆರಕ್ಕಿಂತ ಹೆಚ್ಚು ಚಾವಟಿಯೇಟು ಕೂಡದೆಂದು ವಿಧಿಸಿತು. ಆರಕ್ಕೆ ಇಳಿಸಬೇಕಾಯಿತೆಂಬುದೇ ಅದುವರೆಗಿನ ಸ್ಥಿತಿಗೆ ಸಾಕ್ಷಿ. ಅಲ್ಲಿನ ಜಾಕಿ ಕ್ಲಬ್ಬಿನ ಗಾಯಗಳ ದಾಖಲೆಯಂತೆ 2009ರಲ್ಲಿ ಓಟಕ್ಕೆ ಇಳಿದ ಪ್ರತಿ ಸಾವಿರಕ್ಕೆ 2.00 ಕುದುರೆಗಳು ಸತ್ತರೆ, 2023ರಲ್ಲಿ ಆ ಪ್ರಮಾಣ 1.32. ಇಳಿಕೆ ಸ್ವಾಗತಾರ್ಹವೇ. ಆದರೂ ಅದೇ 2023ರಲ್ಲಿ ಚರ್ಚಿಲ್ ಡೌನ್ಸ್ ಎಂಬ ಒಂದೇ ಪಂದ್ಯಸ್ಥಳದಲ್ಲಿ ವಸಂತದ ಕೆಲವೇ ವಾರಗಳಲ್ಲಿ 12 ಕುದುರೆಗಳು ಸತ್ತು, ಪಂದ್ಯಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ರಫಿಯನ್ ಎಂಬ ಹೆಣ್ಣು ಕುದುರೆಯು ತಾನು ಗೆದ್ದ ಹತ್ತು ಓಟಗಳಲ್ಲಿಯೂ ಆದಿಯಿಂದ ಅಂತ್ಯದವರೆಗೆ ಮುಂದೆಯೇ ಇತ್ತು. 1975ರ ಜುಲೈ 6ರಂದು ಏರ್ಪಟ್ಟ ದ್ವಂದ್ವ ಪಂದ್ಯದಲ್ಲಿಯೂ ಅದು ಮುಂದಿದ್ದಾಗಲೇ ಕಾಲಿನ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯೂ ಫಲಿಸದೆ, ದಯಾಮರಣಕ್ಕೆ ಗುರಿಯಾಯಿತು.

‘ಚಾವಟಿ ಹಿಡಿಯುವವನು ಸವಾರ, ಕುದುರೆಯನ್ನು ಕಣ್ಣಿನಿಂದಲೂ ನೋಡದವನಿಗೆ ಹಿಂಸೆಯ ದೋಷ ಹೇಗೆ?’ ಎಂಬ ಪ್ರಶ್ನೆ ಬರಬಹುದು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದಾರಿಗಳನ್ನು ಬಲ್ಲವರಿಗೆ ಉತ್ತರ ಕಷ್ಟವಲ್ಲ. ಪಂದ್ಯದ ಬಹುಮಾನದ ಹಣಕ್ಕೆ ಮುಖ್ಯ ಮೂಲವೇ ಪಣದ ರಾಶಿಯಿಂದಾಗುವ ಕಡಿತ. ಪಣ ನಿಂತರೆ ಬಹುಮಾನ ಬತ್ತುತ್ತದೆ, ಬಹುಮಾನ ಬತ್ತಿದರೆ ಚಾವಟಿ ಕೆಳಗಿಳಿಯುತ್ತದೆ. ಅಂಕಿಗಳನ್ನಷ್ಟೇ ನೋಡುವೆನೆನ್ನುವವನಿಗೆ ಜನ್ನನ ಯಶೋಧರಚರಿತೆಯ ಕಥೆ ನೆನಪಾಗಬೇಕು. ಯಶೋಧರನು ಬಲಿಕೊಟ್ಟುದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಅಷ್ಟಕ್ಕೇ ಆತನೂ ಆತನ ತಾಯಿಯೂ ತಿರ್ಯಗ್ಗತಿಯ ಜನ್ಮಜನ್ಮಗಳಲ್ಲಿ ತೊಳಲಬೇಕಾಯಿತು. ಹಿಟ್ಟಿನ ಕೋಳಿಯ ಸಂಕಲ್ಪಹಿಂಸೆಗೆ ಅಷ್ಟು ಫಲವಿದ್ದರೆ, ನಿಜವಾಗಿ ಓಡಿ ನಿಜವಾಗಿ ಬೀಳುವ ಕುದುರೆಗಳ ಮೇಲೆ ಹಣ ಹೂಡಿದವನು ತಾನು ನೋಡಿದ್ದು ಅಂಕಿಯನ್ನು ಮಾತ್ರವೆಂದು ಹೇಳಿ ಪಾರಾಗಬಲ್ಲನೆ?

ಮೂರನೆಯದು ಮನಸ್ಸಿನ ಸ್ಥಿತಿ. ಗತಿಗಣಿತದ ಪ್ರಚಾರಕರಲ್ಲಿ ಪ್ರಸಿದ್ಧರಾದ ಹೊವಾರ್ಡ್ ಸಾರ್ಟಿನ್ ಅವರ ಪದ್ಧತಿ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೂಜಿನ ಚಟವಂಟಿದವರ ಗುಂಪಿನೊಳಗೆ ಹುಟ್ಟಿತು. ಸೋಲುವುದೇ ರೋಗ, ಗೆಲ್ಲುವುದೇ ಅದಕ್ಕೆ ಮದ್ದು ಎಂಬುದು ಅವರ ಸಿದ್ಧಾಂತವಾಗಿತ್ತು. ಉರಿಯುವ ಬೆಂಕಿಗೆ ತುಪ್ಪವೇ ಔಷಧವೆಂದಂತಾಯಿತು. ವ್ಯಸನದ ಬೇರು ಲೋಭದಲ್ಲಿದೆ, ಸೋಲಿನಲ್ಲಿಲ್ಲ. ಗೆದ್ದವನು ಬಿಡಲಾರ, ಸೋತವನು ಬಿಡಲೊಲ್ಲ. ಮಹಾಭಾರತದ ಧರ್ಮರಾಯನು ಅಜ್ಞಾನಿಯಾಗಿದ್ದನೆ? ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದ್ಯೂತದ ವಿಚಾರವನ್ನು ಅನರ್ಥದಂಡದ ಪ್ರಕರಣದಲ್ಲಿಯೇ ಎತ್ತಿರುವುದು ಅರ್ಥಪೂರ್ಣ. ಪರರ ಸೋಲನ್ನು ಬಯಸುತ್ತ ಕುಳಿತುಕೊಳ್ಳುವ ಅಪಧ್ಯಾನವೂ ಅದೇ ಅನರ್ಥದಂಡದ ಒಂದು ಭೇದ. ನಲವತ್ತೆಂಟು ನಿಮಿಷಗಳ ಸಾಮಾಯಿಕಕ್ಕೆ ಬಿಡುವಿಲ್ಲವೆನ್ನುವ ತರುಣನು ಮಧ್ಯರಾತ್ರಿಯವರೆಗೆ ಗಣಕದ ಮುಂದೆ ಕುಳಿತು, ಯಾವ ನಿಬಂಧನೆ ಸೇರಿಸಿದರೆ ನೂರಕ್ಕೆ ನಾಲ್ಕು ಹೆಚ್ಚು ಬಂದೀತೆಂದು ಏಕಾಗ್ರನಾಗಿ ಚಿಂತಿಸುತ್ತಾನೆ. ಆ ಏಕಾಗ್ರತೆಯೂ ಧ್ಯಾನವೇ, ಆದರೆ ಆರ್ತರೌದ್ರಧ್ಯಾನ.

ನ್ಯಾಯಾಲಯದ ಮಾತನ್ನು ಮುಂದಿಡುವವರೂ ಉಂಟು. ಡಾ. ಕೆ. ಆರ್. ಲಕ್ಷ್ಮಣನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಕುದುರೆ ಪಂದ್ಯದಲ್ಲಿ ಕೌಶಲವೇ ಪ್ರಧಾನವೆಂದು ತೀರ್ಪಿತ್ತುದು ನಿಜ. ಬೆಂಗಳೂರು, ಮೈಸೂರುಗಳಲ್ಲಿ ಪಣ ಕಟ್ಟುವವರೂ ಅದನ್ನೇ ಹೇಳುತ್ತಾರೆ. ಆದರೆ ನ್ಯಾಯಾಲಯದ ಮುಂದಿದ್ದುದು ಕಾನೂನಿನ ಪ್ರಶ್ನೆ; ಕರ್ಮಬಂಧದ ಪ್ರಶ್ನೆಯನ್ನು ಯಾರೂ ಅಲ್ಲಿ ಕೇಳಿರಲಿಲ್ಲ. ಮದ್ಯದಂಗಡಿಗೂ ಸರ್ಕಾರದ ಪರವಾನಗಿ ಇದೆ. ಅದರಿಂದ ಮದ್ಯವು ಶ್ರಾವಕನಿಗೆ ಪೇಯವಾಗಲಿಲ್ಲ. ಸರ್ಕಾರವೂ ತೆರಿಗೆಯ ಪಟ್ಟಿಯಲ್ಲಿ ಕುದುರೆ ಪಂದ್ಯವನ್ನು ಕ್ಯಾಸಿನೊ, ಲಾಟರಿಗಳ ಜೊತೆಯಲ್ಲಿಯೇ ಕೂರಿಸಿದೆ; 2023ರಲ್ಲಿ ಪಣದ ಪೂರ್ಣ ಮೊತ್ತದ ಮೇಲೆ ನೂರಕ್ಕೆ 28ರಂತೆ ಇದ್ದ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರಿನಲ್ಲಿ 40ಕ್ಕೆ ಏರಿಸಲಾಯಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವಾಗ ಕೌಶಲ, ಅದೃಷ್ಟಗಳೆಂಬ ಭೇದವನ್ನೇ ಎಣಿಸಲಿಲ್ಲ. ಲೌಕಿಕ ಶಾಸನವೇ ಸಂದೇಹಿಸತೊಡಗಿರುವ ಊರುಗೋಲನ್ನು ಧರ್ಮಾತ್ಮರು ಹಿಡಿದುಕೊಳ್ಳಬೇಕೆ?

ಕೊನೆಯ ಸಮರ್ಥನೆ ಎಲ್ಲಕ್ಕಿಂತ ಅಪಾಯಕಾರಿ: ‘ಗೆದ್ದ ಹಣದಲ್ಲಿ ಒಂದು ಪಾಲನ್ನು ಬಸದಿಗೆ ಕೊಡಲಾಗುವುದು.’ ಇದಕ್ಕೆ ಉತ್ತರಿಸಬೇಕಾದವರು ಬಸದಿಗಳ ವಿಶ್ವಸ್ಥ ಮಂಡಲಿಗಳವರು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಹೇಳುವಾಗ ಮೊದಲಿಗೇ ನ್ಯಾಯೋಪಾತ್ತ ಧನವನ್ನು ಹೇಳಿದ್ದಾರೆ. ನ್ಯಾಯದಿಂದ ಬಂದ ಧನವೇ ದಾನಕ್ಕೆ ಯೋಗ್ಯ. ಗುಮಾಸ್ತನ ಹೆಂಡತಿ ಅಡವಿಟ್ಟ ತಾಳಿಯೂ, ಸತ್ತ ಕುದುರೆಯ ಮುರಿದ ಮೂಳೆಯೂ ಸೇರಿರುವ ಹಣದಿಂದ ಕೊಂಡ ಕಲಶದ ಹಾಲು ಜಿನಬಿಂಬದ ಮೇಲೆ ಬಿದ್ದರೆ ಅದು ಯಾರ ಪುಣ್ಯಕ್ಕೆ? ಅಭಿಷೇಕದ ಸವಾಲಿನಲ್ಲಿ ಅತಿ ದೊಡ್ಡ ಮೊತ್ತ ಕೂಗಿದವನಿಗೆ ಹಾರ ಹಾಕಿ, ಆ ಮೊತ್ತದ ಮೂಲವನ್ನು ಕೇಳಲು ಸಂಕೋಚಪಡುವ ಮಂಡಲಿಯು ಅನುಮೋದನೆಯ ಪಾಪದಲ್ಲಿ ಪಾಲುದಾರನಾಗುತ್ತದೆ. ಶಿಲಾಫಲಕದಲ್ಲಿ ಹೆಸರು ಕೆತ್ತಿಸಿಕೊಂಡ ಪಂದ್ಯಗಾರನನ್ನು ಪಾಠಶಾಲೆಯ ಬಾಲಕನು ನೋಡಿದಾಗ, ಸಪ್ತವ್ಯಸನದ ಪಾಠಕ್ಕಿಂತ ಆ ಶಿಲೆಯ ಪಾಠವೇ ಅವನಿಗೆ ಆಳವಾಗಿ ನಾಟುತ್ತದೆ.

ಆದುದರಿಂದ ಕೆಲವು ಕೆಲಸಗಳು ತಡವಿಲ್ಲದೆ ಆಗಬೇಕಾಗಿದೆ. ಪಂದ್ಯ, ಪಣ, ಜೂಜುಗಳಿಂದ ಬಂದ ಹಣವನ್ನು ದಾನವಾಗಿಯಾಗಲಿ ಸವಾಲಿನ ಮೊತ್ತವಾಗಿಯಾಗಲಿ ಸ್ವೀಕರಿಸುವುದಿಲ್ಲವೆಂದು ಪ್ರತಿ ಮಂಡಲಿಯೂ ತನ್ನ ಮಹಾಸಭೆಯಲ್ಲಿ ನಿರ್ಣಯ ಮಾಡಿ, ಅದನ್ನು ಸೂಚನಾ ಫಲಕದಲ್ಲಿ ತೂಗುಹಾಕಬೇಕು. ಅದರಿಂದ ಒಂದೆರಡು ವರ್ಷ ಆದಾಯ ಇಳಿದರೆ ಇಳಿಯಲಿ. ತಂದೆತಾಯಿಗಳು ಮಕ್ಕಳ ಗಣಕದ ಕೆಲಸವನ್ನು ‘ಏನೋ ಓದುತ್ತಿದ್ದಾನೆ’ ಎಂದು ಬಿಟ್ಟುಬಿಡದೆ, ಆ ಲೆಕ್ಕ ಯಾವುದರದೆಂದು ಪ್ರೀತಿಯಿಂದ ಕೇಳಬೇಕು. ವ್ಯಸನಕ್ಕೆ ಬಿದ್ದವನನ್ನು ಹೊರದೂಡದೆ, ಸ್ಥಿತೀಕರಣವೂ ಸಮ್ಯಗ್ದರ್ಶನದ ಅಂಗವೆಂಬುದನ್ನು ನೆನೆದು, ಸಾಲದ ಲೆಕ್ಕವನ್ನು ಅವನೊಡನೆ ಕುಳಿತು ಬಗೆಹರಿಸಬೇಕು.

ತರುಣರ ವಿದ್ಯೆಗೂ ಕೆಲಸ ಬೇಕು. ಬಸದಿಗಳಲ್ಲಿಯೂ ಮಠಗಳಲ್ಲಿಯೂ ತಾಳೆಯೋಲೆಗಳು ಸೂಚಿಯಿಲ್ಲದೆ ಉಳಿದಿರುವೆಡೆ ಅವುಗಳ ಹೆಸರು, ಕರ್ತೃ, ಓಲೆಯ ಸಂಖ್ಯೆಗಳ ಭಂಡಾರವನ್ನು ಕಟ್ಟಬಹುದು. ಪಾಂಜರಾಪೋಳಗಳಿಗೆ ಬಂದ ಮೂಕಪ್ರಾಣಿಗಳ ಮೇವು, ಔಷಧ, ರೋಗಗಳ ಲೆಕ್ಕವನ್ನು ಇಡಬಹುದು. ವಿದ್ಯಾರ್ಥಿವೇತನ ಯಾವ ಊರಿನ ಯಾವ ಮಗುವಿಗೆ ತಲುಪಲಿಲ್ಲವೆಂದು ಕೇಳಬಹುದು. ಆ ಭಂಡಾರಗಳಿಗೆ ಹಾಕುವ ಪ್ರಶ್ನೆಗೂ ಕ್ಷಣಾರ್ಧದಲ್ಲಿಯೇ ಉತ್ತರ ಬರುತ್ತದೆ. ಆದರೆ ಆ ಉತ್ತರಕ್ಕಾಗಿ ಯಾವ ಮನುಷ್ಯನೂ ಸೋಲಬೇಕಾಗಿಲ್ಲ, ಯಾವ ಪ್ರಾಣಿಯೂ ಬೀಳಬೇಕಾಗಿಲ್ಲ.